ಐಸ್ ಮಾರುವ ಕರ್ನಲ್‌ಗೆ ಒಂದು ನಕ್ಷತ್ರ

ಯುಸ್ತಾಕಿಯೊ ಬಲಿನಾಸ್ ಎಲ್ಲಿ ಎಂದು ಕೇಳಿದರೆ ದಪ್ದಪ್ ಬಂದರಿನಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ನೋಂಗ್ ಟಾಕ್ಯೊ ಎಂದರೆ ಮಲಗಿದ ನಾಯಿಯೂ ಎದ್ದು ಐಸ್ ಫ್ಯಾಕ್ಟರಿಯ ಕಡೆ ಮುಖ ಮಾಡುತ್ತದೆ. ಹಿರಿಯ ಗಂಡಸರನ್ನು ನೋಂಗ್, ಹಿರಿಯ ಹೆಂಗಸರನ್ನು ನಾಂಗ್ ಎಂದು ಕರೆಯುವುದು ನಮ್ಮ ಪನಾಯ್ ದ್ವೀಪದ ಮರ್ಯಾದೆ. ಆ ಮರ್ಯಾದೆ ಅವನಿಗೆ ಐಸ್ ಮಾರಿ ಬಂದದ್ದೇ ಹೊರತು ಮೀಸಲು ಸೇನೆಯಲ್ಲಿ ಕರ್ನಲ್ ಆಗಿ ಬಂದದ್ದಲ್ಲ.

ನನ್ನ ಅಂಗಡಿ ಆ ಫ್ಯಾಕ್ಟರಿಯ ಎದುರಿಗೇ ಇದೆ. ಬಟ್ಟೆ, ಬಲೆಯ ದಾರ, ಸೊಳ್ಳೆಪರದೆ, ಇವುಗಳ ಜೊತೆಗೆ ಸಿಪಾಯಿ ಬೂಟು. ಬೂಟು ಏಕೆಂದರೆ, ಮೀಸಲು ಸಿಪಾಯಿಗೆ ಸರ್ಕಾರ ದೇಶಭಕ್ತಿಯನ್ನು ಪುಕ್ಕಟೆ ಕೊಡುತ್ತದೆ, ಸಮವಸ್ತ್ರವನ್ನಲ್ಲ. ಅಂಗಿ, ಪ್ಯಾಂಟು, ಟೊಪ್ಪಿ, ಬೆಲ್ಟು, ಹೆಗಲ ಬಿಲ್ಲೆ ಎಲ್ಲವೂ ಅವನ ಜೇಬಿನಿಂದಲೇ ಆಗಬೇಕು. ಸಂಬಳದ ಮಾತಂತೂ ಇಲ್ಲ. ವ್ಯಾಪಾರದ ಹೆಂಗಸು ನಾನು, ನಷ್ಟದ ವ್ಯಾಪಾರಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಮನುಷ್ಯ ಕೈಯಿಂದ ದುಡ್ಡು ಹಾಕಿ ಭಾನುವಾರ ಬಿಸಿಲಲ್ಲಿ ನಿಂತು ಬೈಸಿಕೊಳ್ಳುವ ವ್ಯಾಪಾರ ಇದೊಂದೇ. ಅದರಲ್ಲಿ ತಲೆಗೂದಲು ನರೆಯುವ ತನಕ ನಿಂತವನು ಟಾಕ್ಯೊ ಒಬ್ಬನೇ.

ತಾನು ಸೇನೆಗೆ ಸೇರಿದ್ದು ದೇಶಕ್ಕಾಗಿ ಎಂದು ಅವನು ಶಾಲೆಗಳಲ್ಲಿ ಭಾಷಣ ಮಾಡುತ್ತಾನೆ. ನಾನು ಸಭೆಯಲ್ಲಿದ್ದರೆ ನನ್ನ ಕಡೆ ನೋಡದೆ ಮಾಡುತ್ತಾನೆ, ಏಕೆಂದರೆ ಇಲೊಯ್ಲೊ ಪಟ್ಟಣದ ಕಾಲೇಜಿನಲ್ಲಿ ನಾವು ಒಟ್ಟಿಗೆ ಓದಿದವರು. ಆಗ ಹುಡುಗರಿಗೆಲ್ಲ ಎರಡು ವರ್ಷ ಕವಾಯತು ಕಡ್ಡಾಯ. ಮರದ ಬಂದೂಕು ಹೊತ್ತು ಮೈದಾನ ಸುತ್ತುವುದು, ಮೂರ್ಛೆ ಬಿದ್ದವನನ್ನು ನೆರಳಿಗೆ ಎಳೆಯುವುದು, ಮತ್ತೆ ಸುತ್ತುವುದು. ಎರಡು ವರ್ಷ ಮುಗಿದದ್ದೇ ಎಲ್ಲರೂ ಬಂದೂಕು ಬಿಸಾಡಿ ಓಡಿದರು. ಇನ್ನೆರಡು ವರ್ಷ ಮುಂದುವರಿದವನಿಗೆ ಅಧಿಕಾರಿಯ ಪಟ್ಟ ಸಿಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದೊಡ್ಡ ಕವಾಯತಿನ ದಿನ ಅಧಿಕಾರಿಯ ಪಕ್ಕದಲ್ಲಿ ಬಿಳಿ ಕೈಗವಸು ತೊಟ್ಟ ಒಬ್ಬ ವಿದ್ಯಾರ್ಥಿನಿ ಹೆಜ್ಜೆ ಹಾಕುವ ಪದ್ಧತಿ ಇತ್ತು. ಆ ವರ್ಷ ಆರಿಸಿದ ಹುಡುಗಿಯರಲ್ಲಿ ಪುರಿಂಗ್ ಇದ್ದಳು. ಐಸ್ ಗಾಡಿ ತಳ್ಳುವವನ ಮಗನಿಗೆ ಅವಳ ಪಕ್ಕದಲ್ಲಿ ನಡೆಯಲು ಬೇರೆ ದಾರಿಯೇ ಇರಲಿಲ್ಲ. ದೇಶಸೇವೆ ಅಲ್ಲಿಂದ ಶುರುವಾಯಿತು.

ಕವಾಯತಿನ ದಿನ ಅವನ ಹೆಜ್ಜೆ ತಪ್ಪಿತು. ಪುರಿಂಗ್ ಮುಖ ತಿರುಗಿಸದೆ, ತುಟಿ ಅಲ್ಲಾಡಿಸದೆ, “ಎಡ, ಎಡ, ಎಡ ಅಂದ್ನಲ್ಲೋ ದಡ್ಡ, ಎಡ” ಎಂದು ಹೇಳಿಕೊಡುತ್ತ ಅವನನ್ನು ಮೈದಾನ ದಾಟಿಸಿದಳು. ಮದುವೆಯಾದ ಮೇಲೂ ಅದೇ ಏರ್ಪಾಡು ಮುಂದುವರಿಯಿತು. ಫ್ಯಾಕ್ಟರಿಯ ಬೋರ್ಡಿನಲ್ಲಿ ಅವನ ಹೆಸರು, ಬೀಗದ ಕೈ ಅವಳ ಸೊಂಟದಲ್ಲಿ.

ಮೀಸಲು ಸೇನೆಯಲ್ಲಿ ಅವನು ಮೇಲೇರಿದ ಬಗೆ ಸರಳವಾದದ್ದು. ಬೇರೆಯವರು ಬರುವುದನ್ನು ಬಿಟ್ಟರು, ಅವನು ಬಿಡಲಿಲ್ಲ. ಅವನಿಗಿಂತ ಚೆನ್ನಾಗಿ ಗುರಿ ಇಡುತ್ತಿದ್ದವನು ಹಡಗಿನ ಕೆಲಸಕ್ಕೆ ಹೋದ. ಅವನಿಗಿಂತ ಚೆನ್ನಾಗಿ ಮಾತಾಡುತ್ತಿದ್ದವನು ಪುರಸಭೆಯ ಚುನಾವಣೆಗೆ ನಿಂತು ಗೆದ್ದ, ಆಮೇಲೆ ಯಾರಿಗೂ ಕಾಣಲಿಲ್ಲ. ಟಾಕ್ಯೊ ಮಾತ್ರ ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬೆಟ್ಟದ ಮೇಲಿನ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದ. ಕೆಲವು ಭಾನುವಾರ ಅಲ್ಲಿ ಅವನು, ಧ್ವಜಸ್ತಂಭ, ಒಂದು ಮೇಕೆ ಇಷ್ಟೇ. ದೊಡ್ಡ ಚಂಡಮಾರುತ ಬಡಿದ ವರ್ಷ ಫ್ಯಾಕ್ಟರಿಯ ತಗಡಿನ ಮಾಡು ಸಮುದ್ರ ಸೇರಿತು. ಅವನು ಮಾಡು ಹುಡುಕಲು ಹೋಗಲಿಲ್ಲ. ಸಿಕ್ಕ ಮೀನುಗಾರರನ್ನೂ ಆಟೊದವರನ್ನೂ ಕಟ್ಟಿಕೊಂಡು, ಬಿದ್ದ ತೆಂಗಿನ ಮರಗಳನ್ನು ಕಡಿಸಿ, ಸರ್ಕಾರದ ಲಾರಿ ಬರುವ ಮೊದಲೇ ರಸ್ತೆ ಬಿಡಿಸಿದ್ದ. ಅಂದಿನಿಂದ ಜನ ಅವನ ದಳಕ್ಕೆ ಸೇರಲು ತಾವಾಗಿಯೇ ಹೆಸರು ಬರೆಸಿದರು, ನನ್ನ ಬೂಟೂ ಖರ್ಚಾಯಿತು. ಎರಡೂ ಒಳ್ಳೆಯದೇ.

ಹೀಗೆ ಅವನು ಕರ್ನಲ್ ಆದ. ನಮ್ಮ ಸೇನೆಯಲ್ಲಿ ಕರ್ನಲ್ ಹೆಗಲ ಮೇಲೆ ಮೂರು ಸೂರ್ಯ, ಬ್ರಿಗೇಡಿಯರ್ ಜನರಲ್ ಹೆಗಲ ಮೇಲೆ ಒಂದೇ ನಕ್ಷತ್ರ. ಮೂರು ಸೂರ್ಯ ಕೊಟ್ಟು ಒಂದು ನಕ್ಷತ್ರ ಕೊಳ್ಳುವುದು ಎಂಥ ವ್ಯಾಪಾರ ಎಂದು ನಾನು ಕೇಳಿದ್ದೆ. ಅವನು ನಗಲಿಲ್ಲ. ಆ ನಕ್ಷತ್ರ ಅವನಿಗೆ ಅಷ್ಟು ಬೇಕಾಗಿತ್ತು. ಅವನ ಹೆಸರು ರಾಜಧಾನಿಗೆ ಹೋಗಿತ್ತು. ಮುಂದಿನ ವರ್ಷ ವಯಸ್ಸಿನ ಮಿತಿ ಮುಗಿದು ಅವನು ಸೇನೆಯಿಂದ ಹೊರಗೆ. ಆಗುವುದಿದ್ದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ಉಳಿದದ್ದು ಒಂದು ಪರೀಕ್ಷೆ. ಮೀಸಲು ಸೇನೆಯ ಸಿಪಾಯಿಗಳು ನಿಜವಾಗಿ ಇದ್ದಾರೋ, ಹೆಸರಿಗೆ ಮಾತ್ರವೋ ಎಂದು ನೋಡಲು ಖಾಯಂ ಸೇನೆಯ ಅಧಿಕಾರಿಯೊಬ್ಬ ಬರುತ್ತಾನೆ. ಬಂದ ಬೆಳಿಗ್ಗೆಯೇ ತಿಳಿಸುತ್ತಾನೆ. ಕರೆ ಕೊಟ್ಟ ಎರಡು ಗಂಟೆಯೊಳಗೆ ದಳದ ಅರ್ಧದಷ್ಟಾದರೂ ಜನ ಮೈದಾನದಲ್ಲಿ ನಿಂತಿರಬೇಕು. ದಪ್ದಪ್‌ನ ದಳದಲ್ಲಿ ಇನ್ನೂರು ಜನ. ನೂರು ಬಂದರೆ ನಕ್ಷತ್ರ.

ಜನರನ್ನು ಕರೆಯುವುದು ಹೇಗೆ ಎನ್ನುವ ಬಗ್ಗೆ ಫ್ಯಾಕ್ಟರಿಯ ಜಗಲಿಯ ಮೇಲೆ ಒಂದು ಸಂಜೆ ಚರ್ಚೆಯಾಯಿತು. ಟಾಕ್ಯೊನ ಸಹಾಯಕ ಮೇಜರ್ ಬೊಲಾಸ್ಕೊ ಇದ್ದ. ಅವನು ವಾರದ ದಿನಗಳಲ್ಲಿ ಶಾಲೆಯ ಹೆಡ್‌ಮಾಸ್ಟರ್.

“ಫೋನಲ್ಲಿ ಮೆಸೇಜ್ ಹಾಕೋಣ ಸರ್,” ಎಂದ ಮೇಜರ್.

“ಅರ್ಧ ಜನರ ಫೋನಲ್ಲಿ ದುಡ್ಡಿರಲ್ಲ. ಇನ್ನರ್ಧ ಜನರ ಫೋನು ಹೆಂಡ್ತಿ ಹತ್ರ ಇರುತ್ತೆ,” ಎಂದ ಟಾಕ್ಯೊ. ಆಮೇಲೆ ತೊಡೆ ತಟ್ಟಿಕೊಂಡ. “ನಮ್ಮ ಸೈರನ್ ಇದೆಯಲ್ಲ! ದಪ್ದಪ್ ಜನ ಬೇರೆ ಯಾವುದಕ್ಕಾದ್ರೂ ಓಡಿದ್ದು ನೋಡಿದೀಯಾ?”

ಅದು ನಿಜ. ಫ್ಯಾಕ್ಟರಿಯಲ್ಲಿ ಐಸ್ ಗಡ್ಡೆಗಳು ಅಚ್ಚಿನಿಂದ ಹೊರಬಂದಾಗ ಸೈರನ್ ಕೂಗುತ್ತದೆ. ಮೊದಲು ಬಂದವರಿಗೆ ಮೊದಲು. ಸೈರನ್ ಕೇಳಿದರೆ ನಮ್ಮಲ್ಲಿ ಊಟ ಮಾಡುವವನು ಕೈ ತೊಳೆಯುವುದಿಲ್ಲ, ಜಗಳ ಆಡುವವರು ಮಾತು ಮುಗಿಸುವುದಿಲ್ಲ.

“ಒಂದು ಸಲ ಕೂಗಿದ್ರೆ ಐಸು. ಮೂರು ಸಲ ಕೂಗಿದ್ರೆ ಸೈನ್ಯ. ಬೂಟು ಹಾಕ್ಕೊಂಡು ಮೈದಾನಕ್ಕೆ ಬರ್ಬೇಕು. ಎಲ್ರಿಗೂ ಹೇಳ್ಬಿಡು,” ಎಂದ ಟಾಕ್ಯೊ.

ಒಳಗಿನಿಂದ ಪುರಿಂಗ್ ದನಿ ಬಂತು: “ಮೂರರವರೆಗೆ ಯಾರ್ರೀ ಕಾಯ್ತಾರೆ?”

“ಶಿಸ್ತು ಅಂತ ಒಂದಿದೆ ಕಣೇ.”

“ಐಸು ಅಂತಾನೂ ಒಂದಿದೆ.”

ಯುದ್ಧತಂತ್ರದ ವಿಷಯದಲ್ಲಿ ಹೆಂಗಸರು ತಲೆ ಹಾಕಬಾರದು ಎಂದು ಟಾಕ್ಯೊ ಮೇಜರ್‌ಗೆ ಹೇಳಿದ. ಮೆಲ್ಲಗೆ ಹೇಳಿದ.

ಪರೀಕ್ಷೆಗೆ ಬಂದವನು ಲೆಫ್ಟಿನೆಂಟ್ ಕರ್ನಲ್ ಡುಮ್ಲಾವ್. ದೇಶದ ಉತ್ತರದ ಕಡೆಯವನು. ಪದವಿಯಲ್ಲಿ ಟಾಕ್ಯೊಗಿಂತ ಒಂದು ಮೆಟ್ಟಿಲು ಕೆಳಗೆ, ಆದರೆ ಖಾಯಂ ಸೇನೆಯವನು, ಪರೀಕ್ಷೆ ಮಾಡುವವನು ಎಂದು ಸರ್ ಎನ್ನುವುದೂ ಸಲಾಮು ಹೊಡೆಯುವುದೂ ಟಾಕ್ಯೊನೇ. ನಗುವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಎಣಿಸುವ ಜಾತಿಯ ಮುಖ. ಬೆಳಗಿನ ಮೀನು ದೋಣಿಗಳು ದಡ ಸೇರುವ ಹೊತ್ತಿಗೇ ಬಂದು, ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಗಡಿಯಾರ ನೋಡಿ “ಶುರು ಮಾಡಿ” ಎಂದ. ಟಾಕ್ಯೊ ಗಂಜಿ ಹಾಕಿ ಬಿರುಸಾದ ಅಂಗಿಯಲ್ಲಿ ಅವನ ಪಕ್ಕ ನೆಟ್ಟಗೆ ನಿಂತ. ಮೇಜರ್ ಫ್ಯಾಕ್ಟರಿಗೆ ಫೋನ್ ಮಾಡಿದ.

ನಾನು ಅಂಗಡಿಯ ಬಾಗಿಲಲ್ಲಿದ್ದೆ. ಸೈರನ್ ಮೊದಲ ಸಲ ಕೂಗಿತು. ಬಂದರಿನ ಓಣಿಗಳೆಲ್ಲ ಬಾಯಿ ಬಿಟ್ಟು ಜನರನ್ನು ಉಗುಳಿದವು. ಬುಟ್ಟಿ, ಬಕೆಟ್ಟು, ಥರ್ಮೋಕೋಲ್ ಪೆಟ್ಟಿಗೆ, ಒಬ್ಬಳ ಕೈಯಲ್ಲಿ ಮಗುವಿನ ಸ್ನಾನದ ತೊಟ್ಟಿ. ಎರಡನೆಯ ಸಲ ಕೂಗಿದಾಗ ಎಲ್ಲರೂ ಓಡುತ್ತಿದ್ದರು. ಮೂರನೆಯದು ಕೂಗಿದಾಗ ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತಿನಲ್ಲಿ ನಾನೊಬ್ಬಳೇ ನಿಂತಿದ್ದೆ. ಗೇಟಿನ ಮುಂದೆ ನೂಕುನುಗ್ಗಲು. ಅದರಲ್ಲಿ ನನ್ನ ಬೂಟಿನ ಗಿರಾಕಿಗಳನ್ನು ಹುಡುಕಿದೆ. ಹೆಚ್ಚಿನವರೆಲ್ಲ ಇದ್ದರು, ಎಲ್ಲರ ಕಾಲಲ್ಲೂ ರಬ್ಬರ್ ಚಪ್ಪಲಿ.

“ಇವತ್ತು ಮೂರು ಸಲ ಯಾಕೆ ಕೂಗಿದ್ದು?” ಎಂದು ಒಬ್ಬ ಸಿಪಾಯಿ ಇನ್ನೊಬ್ಬನನ್ನು ಕೇಳಿದ.

“ಐಸ್ ಜಾಸ್ತಿ ಇರ್ಬೇಕು ಬಿಡು. ತಳ್ಳೋ ಮುಂದೆ!”

ಮೈದಾನದಲ್ಲಿ ಆಗ ಏನಾಯಿತೆಂದು ಮೇಜರ್ ಆಮೇಲೆ ಹೇಳಿದ. ಅರ್ಧ ಗಂಟೆಯಾದರೂ ಒಂದು ನರಪಿಳ್ಳೆ ಬರಲಿಲ್ಲ. ಡುಮ್ಲಾವ್ ಗಡಿಯಾರ ನೋಡಿದ, ಮೇಕೆಯನ್ನು ನೋಡಿದ. “ಇದೂ ದಳದಲ್ಲಿದೆಯಾ?” ಎಂದ. ಟಾಕ್ಯೊನ ಗಂಜಿ ಹಾಕಿದ ಕಾಲರ್ ಬೆವರಿಗೆ ಮೆತ್ತಗಾಯಿತು.

ಇತ್ತ ಪುರಿಂಗ್ ಐಸ್ ಲಾರಿಯ ಮೇಲೆ ಹತ್ತಿ ನಿಂತಳು. ಭತ್ತದ ಹೊಟ್ಟಿನಲ್ಲಿ ಮುಚ್ಚಿದ ಐಸ್ ಗಡ್ಡೆಗಳನ್ನು ಅವಳು ಬೆಳಗಿನ ಜಾವವೇ ಲಾರಿಗೆ ಹೇರಿಸಿಟ್ಟಿದ್ದಳು. ಗಂಡನ ಯುದ್ಧತಂತ್ರದ ಮೇಲೆ ಅವಳಿಗಿದ್ದ ನಂಬಿಕೆ ಅಂಥದ್ದು.

“ಕೇಳ್ರಪ್ಪಾ! ಇವತ್ತು ಐಸ್ ಇಲ್ಲಿ ಕೊಡಲ್ಲ. ಶಾಲೆ ಮೈದಾನದಲ್ಲಿ ಕೊಡೋದು. ಬೇಕಿದ್ದೋರು ಬನ್ನಿ!”

ಲಾರಿ ಹೊರಟಿತು. ನಾನು ಅಂಗಡಿಯ ಬಾಗಿಲೆಳೆದು ಮುಂದಿನ ಸೀಟಿಗೆ ಹತ್ತಿದೆ. ಹಿಂದೆ ಇಡೀ ಬಂದರು ಬಕೆಟ್ಟು ಬಡಿಯುತ್ತ, ಪುರಿಂಗ್‌ಗೆ ಬೈಯುತ್ತ ಬೆಟ್ಟ ಹತ್ತಿತು. ಜಗತ್ತಿನ ಯಾವ ಸೇನೆಯೂ ಅಷ್ಟು ಸದ್ದು ಮಾಡಿ ಬಂದಿರಲಾರದು. ಡುಮ್ಲಾವ್ ಕುರ್ಚಿಯಿಂದ ಎದ್ದು ನಿಂತ.

ಆಗ ಗೇಟಿನ ಬಳಿ ಬಂದವರಿಗೆ ಟಾಕ್ಯೊನ ಇಸ್ತ್ರಿ ಅಂಗಿ ಕಂಡಿತು. ಒಬ್ಬೊಬ್ಬರಾಗಿ ನೆನಪಾಗತೊಡಗಿತು. “ಅಯ್ಯೋ, ಮೂರು ಸಲ!” ಎಂದು ಒಬ್ಬ ತಲೆ ಚಚ್ಚಿಕೊಂಡ. ಸಿಪಾಯಿಗಳೆಲ್ಲ ಬುಟ್ಟಿ ಬಕೆಟ್ಟು ಸಮೇತ ಸಾಲಾಗಿ ನಿಂತರು. ಮೇಜರ್ ಹೆಸರು ಕರೆಯತೊಡಗಿದ. ಎಲ್ಲ ಸರಿಯಾಗಿಯೇ ನಡೆದಿತ್ತು, ಸಾರ್ಜೆಂಟ್ ಸಾಲ್ವದೋರ್ ಬಾರಿಯೊಸ್ ಎಂಬ ಹೆಸರು ಬರುವ ತನಕ.

“ಹಾಜರ್!” ಎಂದಳು ನಾಂಗ್ ಪಾಸಿಂಗ್, ಮಗುವಿನ ತೊಟ್ಟಿಯನ್ನು ಎದೆಗೆ ಅವಚಿಕೊಂಡು.

ಡುಮ್ಲಾವ್ ಅವಳ ಮುಂದೆ ಬಂದು ನಿಂತ. “ನೀನೇನಮ್ಮ ಸಾರ್ಜೆಂಟ್ ಸಾಲ್ವದೋರ್?”

“ಅವನ ಹೆಂಡ್ತಿ ಸರ್. ಬಾದೊ ಇನ್ನೂ ಸಮುದ್ರದಲ್ಲಿದಾನೆ. ಮನೇಲಿ ಅವನು ಹೇಳೋದನ್ನೆಲ್ಲ ನಾನೇ ಹೇಳೋದು, ಇದೂ ಒಂದು ಹೇಳಿದೆ.”

ಸಾಲು ಪೂರ್ತಿ ನಗೆಯಿಂದ ಕುಲುಕಿತು. ಮೇಜರ್ ಕಣ್ಣು ಮುಚ್ಚಿಕೊಂಡ. ಟಾಕ್ಯೊ ಮುಂದೆ ಬಂದು, “ಇವಳ ಥರ ಇನ್ನೂ ಐದಾರು ಹೆಂಗಸರಿದಾರೆ ಸರ್. ಬಿಟ್ಟು ಎಣಿಸಿ,” ಎಂದ.

“ಬಿಟ್ಟೇ ಎಣಿಸ್ತೀನಿ. ಆದ್ರೂ ನೂರು ದಾಟುತ್ತೆ ಅನ್ಸುತ್ತೆ,” ಎಂದ ಡುಮ್ಲಾವ್. “ಯಾರೂ ಕದಲಬೇಡಿ. ಒಬ್ಬೊಬ್ಬರ ಗುರುತು ನೋಡಿ ಎಣಿಸಬೇಕು.”

ಸೂರ್ಯ ಮೇಲೇರಿದ್ದ. ಲಾರಿಯ ಕೆಳಗೆ ನೀರಿನ ಗೆರೆಯೊಂದು ಹೊರಟು ಮೈದಾನದ ಇಳಿಜಾರಿನಲ್ಲಿ ಹರಿಯುತ್ತಿತ್ತು. ಸಾಲಿನಲ್ಲಿ ನಿಂತವರೆಲ್ಲ ಅದನ್ನೇ ನೋಡುತ್ತಿದ್ದರು. ಕೆಳಗೆ ಬಂದರಿನಲ್ಲಿ ದೋಣಿಗಳ ತುಂಬ ಬೆಳಗಿನ ಮೀನು ಬಿಸಿಲಿಗೆ ಬಿದ್ದಿತ್ತು. ಟಾಕ್ಯೊ ಕೂಡ ನೀರನ್ನು ನೋಡಿದ. ಆಮೇಲೆ ಡುಮ್ಲಾವ್‌ಗೆ ಸಲಾಮು ಹೊಡೆದ.

“ಸರ್, ಇವರನ್ನ ಬಿಡ್ಬೇಕು.”

“ಏನು?”

“ಮೀನು ಕಾಯಲ್ಲ ಸರ್. ಇನ್ನು ಸ್ವಲ್ಪ ಹೊತ್ತಾದ್ರೆ ಇವರ ಒಂದಿಡೀ ದಿನದ ದುಡಿಮೆ ಕೊಳೆಯುತ್ತೆ. ಐಸ್ ಹಾಕಿ ಮುಚ್ಚಿಟ್ಟು ಬರ್ತಾರೆ.”

ಡುಮ್ಲಾವ್ ಗಡಿಯಾರವನ್ನು ಅವನ ಮುಂದೆ ಹಿಡಿದ. “ಕರ್ನಲ್, ಈಗ ಎಣಿಸಿದ್ರೆ ನಿಮಗೆ ನೂರು ಸಿಗುತ್ತೆ. ಹೋದೋರು ಬರದೇ ಇದ್ರೆ ನಾನು ಖಾಲಿ ಮೈದಾನ ಎಣಿಸಬೇಕಾಗುತ್ತೆ. ಎರಡು ಗಂಟೆ ಮುಗಿಯೋಕೆ ಇನ್ನು ಜಾಸ್ತಿ ಹೊತ್ತಿಲ್ಲ.”

“ಗೊತ್ತು ಸರ್.”

“ಇನ್ನೊಂದು ಪರೀಕ್ಷೆ ಇಲ್ಲ ನಿಮಗೆ.”

“ಅದೂ ಗೊತ್ತು ಸರ್. ನಾನು ಐಸಿನವನು.”

ಅವನು ಸಾಲಿನ ಕಡೆ ತಿರುಗಿ ಕೂಗಿದ: “ಐಸ್ ತಗೊಂಡು ಹೋಗ್ರೋ! ಮೀನು ಮುಚ್ಚಿಟ್ಟು ಬನ್ನಿ!” ಮೇಜರ್ ಬೊಲಾಸ್ಕೊ ಧ್ವಜಸ್ತಂಭ ಹಿಡಿದುಕೊಂಡ. ನನಗೂ ತಲೆ ಬಿಸಿಯಾಯಿತು. ಗಿರಾಕಿ ದುಡ್ಡು ಎಣಿಸಿ ಕೊಡುತ್ತಿರುವಾಗ ಅಂಗಡಿಯವನು ಗಲ್ಲಾಪೆಟ್ಟಿಗೆ ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಐಸ್ ಕ್ಷಣದಲ್ಲಿ ಖಾಲಿಯಾಯಿತು, ಮೈದಾನವೂ ಖಾಲಿಯಾಯಿತು. ಉಳಿದದ್ದು ಹೊಟ್ಟು ಮೆತ್ತಿದ ಲಾರಿ, ಮತ್ತೆ ಆ ಮೇಕೆ. ಡುಮ್ಲಾವ್ ಕುರ್ಚಿಯಲ್ಲಿ ಕುಳಿತ. ಪುರಿಂಗ್ ಗಂಡನ ಪಕ್ಕಕ್ಕೆ ಬಂದು ನಿಂತಳು.

“ಬರ್ತಾರೇನ್ರೀ?”

“ಗೊತ್ತಿಲ್ಲ ಕಣೇ. ನೀನೇನಂತೀಯ?”

“ಬರದೇ ಇದ್ರೆ ನಾಳೆಯಿಂದ ಒಬ್ಬೊಬ್ಬನಿಗೂ ಸಾಲಿನ ಕೊನೇಲಿ ಐಸ್ ಕೊಡ್ತೀನಿ.”

“ಹಾಗೆಲ್ಲ ಮಾಡ್ಬೇಡ.”

“ನಿಮ್ಮನ್ನ ಕೇಳ್ಕೊಂಡು ಮಾಡ್ತೀನಾ?”

ಮೊದಲು ಬಂದವನು ಆಟೊ ಓಡಿಸುವ ಒಬ್ಬ. ಅವನ ಬಳಿ ಮೀನಿರಲಿಲ್ಲ, ಸುಮ್ಮನೆ ಮನೆಗೆ ಹೋಗಿ ಸಮವಸ್ತ್ರ ತೊಟ್ಟು ಬಂದಿದ್ದ. ಅವನ ಆಟೊದೊಳಗೆ ಏಳು ಜನ, ಮಾಡಿನ ಮೇಲೆ ಇಬ್ಬರು. ಆಮೇಲೆ ಬೆಟ್ಟದ ರಸ್ತೆಯಲ್ಲಿ ಹಸಿರು ಅಂಗಿಗಳು ಕಾಣಿಸಿದವು. ಗುಂಪು ಗುಂಪಾಗಿ, ಗುಂಡಿ ಹಾಕಿಕೊಳ್ಳುತ್ತ, ಏದುಸಿರು ಬಿಡುತ್ತ ಬಂದರು. ನನ್ನ ಬೂಟುಗಳು ಬಂದವು. ಒಬ್ಬ ಒಂದೇ ಕಾಲಿಗೆ ಬೂಟು ಹಾಕಿದ್ದ, ಇನ್ನೊಂದನ್ನು ನಾಯಿ ಎಳೆದೊಯ್ದಿತ್ತಂತೆ. ಎಲ್ಲರಿಗೂ ಮೀನಿನ ವಾಸನೆ. ಕೊನೆಯಲ್ಲಿ ಸಾರ್ಜೆಂಟ್ ಬಾದೊ ಬಂದ. ದೋಣಿಯಿಂದ ನೇರವಾಗಿ, ಒದ್ದೆ ಚಡ್ಡಿಯಲ್ಲಿ, ಅಂಗಿಯಿಲ್ಲದೆ, ತಲೆಯ ಮೇಲೆ ಸೇನೆಯ ಟೊಪ್ಪಿ ಮಾತ್ರ. ಅವನ ಹಿಂದೆ ಪಾಸಿಂಗ್ ಅಂಗಿ ಹಿಡಿದು ಓಡಿ ಬರುತ್ತಿದ್ದಳು. “ನಿಂತ್ಕೋ ಬಾದೊ, ಮಾನ ಮುಚ್ಚೋ!”

ಡುಮ್ಲಾವ್ ಎದ್ದು ಸಾಲಿನುದ್ದಕ್ಕೂ ನಡೆದ. ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಲ್ಲರೂ ಬಂದಿರಲಿಲ್ಲ. ಬಾರದವರಲ್ಲಿ ಕೆಲವರ ಹೆಸರು ನನಗೆ ಗೊತ್ತು, ಪುರಿಂಗ್‌ಗೂ ಗೊತ್ತು. ಆದರೆ ಸಾಲು ನೂರನ್ನು ದಾಟಿ ಇನ್ನೂ ಮುಂದಕ್ಕೆ ಇತ್ತು.

“ಈ ಸಲ ಸೈರನ್ ಯಾರು ಹಾಕಿದ್ದು?” ಎಂದು ಡುಮ್ಲಾವ್ ಮೇಜರ್‌ನನ್ನು ಕೇಳಿದ.

“ಯಾರೂ ಹಾಕಿಲ್ಲ ಸರ್.”

ಡುಮ್ಲಾವ್ ಗಡಿಯಾರವನ್ನು ನೋಡದೆಯೇ ಜೇಬಿಗೆ ಹಾಕಿದ. ಅಷ್ಟೇ.

ಮಧ್ಯಾಹ್ನ ಶಾಲೆಯ ಬೆಂಚುಗಳನ್ನು ಉದ್ದಕ್ಕೆ ಜೋಡಿಸಿ, ಬಾಳೆಲೆ ಹಾಸಿ, ಅನ್ನದ ರಾಶಿ, ಸುಟ್ಟ ಮೀನು, ಬೆಂಡೆಕಾಯಿ, ಮೆಣಸಿನ ಹುಳಿನೀರು ಸುರಿದರು. ಸೇನೆಯ ಈ ಊಟದಲ್ಲಿ ಕುರ್ಚಿ ಇಲ್ಲ, ಪದವಿಯೂ ಇಲ್ಲ. ಎಲ್ಲರೂ ನಿಂತು, ಒಂದೇ ಎಲೆಯಿಂದ, ಕೈಯಲ್ಲೇ ತಿನ್ನಬೇಕು. ನಿಧಾನಕ್ಕೆ ತಿನ್ನುವವನು ಉಪವಾಸ. ಡುಮ್ಲಾವ್‌ನ ಒಂದು ಪಕ್ಕದಲ್ಲಿ ಬಾದೊ, ಇನ್ನೊಂದು ಪಕ್ಕದಲ್ಲಿ ಪಾಸಿಂಗ್.

“ಸರ್, ಹಂಗೆ ನಾಚ್ಕೊಂಡು ತಿಂದ್ರೆ ನಿಮ್ಮ ಪಾಲಿನ ಮೀನು ಸಾರ್ಜೆಂಟ್ ತಿಂತಾನೆ.”

“ಯಾವ ಸಾರ್ಜೆಂಟು? ನೀನಾ, ಅವನಾ?” ಎಂದ ಡುಮ್ಲಾವ್. ನಗುವಿನ ಬ್ಯಾಂಕಿನಿಂದ ಅಂದು ಅವನು ಸ್ವಲ್ಪ ತೆಗೆದ.

ಆದೇಶ ಬರಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲಿ ಟಾಕ್ಯೊ ಅಂಚೆಯವನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದ. ಏನನ್ನೂ ನಿರೀಕ್ಷಿಸದವನ ಮುಖ ಮಾಡುವುದು ಅವನಿಗೆ ಬರುವುದಿಲ್ಲ. ಕ್ರಿಸ್‌ಮಸ್‌ನ ಬೆಳಗಿನ ಪೂಜೆಗಳು ಶುರುವಾದ ವಾರ ಆದೇಶ ಬಂತು. ಇಲೊಯ್ಲೊದ ಸೇನಾ ಶಿಬಿರದಲ್ಲಿ ಸಮಾರಂಭ. ಒಂದು ಹೆಗಲ ನಕ್ಷತ್ರವನ್ನು ದೊಡ್ಡ ಅಧಿಕಾರಿ ಚುಚ್ಚಿದ, ಇನ್ನೊಂದನ್ನು ಪದ್ಧತಿಯಂತೆ ಹೆಂಡತಿ. ಎರಡನ್ನೂ ನನ್ನ ಅಂಗಡಿಯಿಂದಲೇ ಕೊಂಡದ್ದು. ಪುರಿಂಗ್ ಕೈಯಿಂದ ಪಿನ್ನು ಎರಡು ಸಲ ಜಾರಿತು. ಅವಳ ಕೈಯಿಂದ ಏನಾದರೂ ಜಾರಿದ್ದನ್ನು ನಾನು ಮೊದಲ ಸಲ ನೋಡಿದೆ. ಟಾಕ್ಯೊ ಕಣ್ಣು ಒರೆಸಿಕೊಳ್ಳಲಾಗದೆ, ಸಲಾಮಿನಲ್ಲಿ ಕೈ ಎತ್ತಿಕೊಂಡೇ ನಿಂತಿದ್ದ.

ಅವನು ಜನರಲ್ ಆಗಿದ್ದದ್ದು ವಯಸ್ಸಿನ ಮಿತಿ ಬರುವ ತನಕ, ವರ್ಷವೂ ತುಂಬಲಿಲ್ಲ. ಯುದ್ಧವೇನೂ ಆಗಲಿಲ್ಲ. ಎರಡು ಪ್ರವಾಹ, ಒಂದು ಶಾಲೆಗೆ ಬಣ್ಣ, ಮ್ಯಾಂಗ್ರೋವ್ ಸಸಿ ನೆಡುವುದು, ಇಷ್ಟು ಅವನ ದಂಡಯಾತ್ರೆಗಳು. ನಕ್ಷತ್ರ ಸಿಕ್ಕ ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಬನಿಯನ್ನಿನಲ್ಲಿ ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಗರಗಸದಿಂದ ಐಸ್ ಕೊಯ್ಯುತ್ತಿದ್ದ. ಪಾಸಿಂಗ್ ತನ್ನ ಗಡ್ಡೆಯನ್ನು ಕೈಯಲ್ಲಿ ತೂಗಿ ನೋಡಿದಳು.

“ನೋಂಗ್ ಟಾಕ್ಯೊ, ಕರ್ನಲ್ ಆಗಿದ್ದಾಗ ಇದಕ್ಕಿಂತ ದಪ್ಪ ಕೊಯ್ತಿದ್ರಿ.”

“ಬಿಸಿಲು ಜಾಸ್ತಿ ಕಣಮ್ಮ, ಕರಗಿದೆ.”

“ಬಿಸಿಲಲ್ಲ. ಪದವಿ ಬಂದ್ಮೇಲೆ ಎಲ್ರೂ ಹಿಂಗೇ.”

ಜನರಲ್ ಸುತ್ತ ನೋಡಿ, ಹೆಂಡತಿ ಬೆನ್ನು ತಿರುಗಿಸಿದ್ದನ್ನು ಖಚಿತಪಡಿಸಿಕೊಂಡು, ಇನ್ನೊಂದು ಚೂರು ಕೊಯ್ದು ಅವಳ ತೊಟ್ಟಿಗೆ ಹಾಕಿದ.

“ನೋಡ್ದೆ!” ಎಂದಳು ಪುರಿಂಗ್, ತಿರುಗದೆ.